ಹಳೇ ಗ್ವಾಡಿ, ಹೊಸ ಕೋಣಿ

ಊರಲ್ಲಿ ಹಳೇ ಮನೆ ಇರುವವರೆಲ್ಲ ಒಂದಲ್ಲ ಒಂದು ದಿನ ಜಗಳಾಡುವ ವಿಷಯ ಒಂದಿದೆ: ‘ಮ್ಯಾಲ ಏರಿಸೋದೊ, ಬಾಜೂಕ ಕಟ್ಟೋದೊ?’ ಮಗನ ಮದುವೆ ಮಾತು ಬಂದಾಗ, ಇಲ್ಲವೇ ಹಿರಿಯರ ಮೊಳಕಾಲು ಮಾತು ಕೇಳದಾದಾಗ ಈ ಜಗಳ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಎರಡೂ ಒಂದೇ ವರ್ಷ ಬಂದವು.

ನಮ್ಮದು ಬೀದರಿನ ಮೈಲೂರ. ಮನೆ ಅಜ್ಜ 1979ರಲ್ಲಿ ಕಟ್ಟಿಸಿದ್ದು. ಮೈಲೂರ ರಸ್ತೆಯ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು ಅದರ ಮರುವರ್ಷ. ಹಾಗಾಗಿ ನಾನು ಓದಿದ ಕಾಲೇಜಿಗಿಂತ ನಮ್ಮ ಮನೆಗೆ ಒಂದು ವರ್ಷ ವಯಸ್ಸು ಜಾಸ್ತಿ. ಮುಂದೆ ಪಡಸಾಲಿ, ಹಿಂದೆ ಒಂದರ ಬೆನ್ನಿಗೆ ಒಂದರಂತೆ ಎರಡು ಕೋಣೆ, ಪಕ್ಕದಲ್ಲಿ ಅಡಿಗೆಮನೆ. ಒಂಬತ್ತು ಇಂಚಿನ ಇಟ್ಟಂಗಿ ಗೋಡೆ. ಮೇಲೆ ಕಬ್ಬಿಣದ ಗರ್ಡರ್ ಇಟ್ಟು ಶಹಾಬಾದ್ ಪರಸಿ ಹಾಸಿದ ಛತ್ತು. ಪಿಲ್ಲರ್ ಎಂಬುದು ಒಂದೂ ಇಲ್ಲ. ಛತ್ತಿನ ಭಾರವನ್ನೆಲ್ಲ ಗೋಡೆಯೇ ಹೊರಬೇಕು. ಬಚ್ಚಲು, ಸಂಡಾಸ ಹಿತ್ತಿಲಲ್ಲಿ. ಅಂಗಳ ದಾಟಿ ಹದಿನೆಂಟು ಹೆಜ್ಜೆ. ಹೆಜ್ಜೆ ಎಣಿಸಿದವಳು ನಮ್ಮ ಆಯಿ, ಅಂದರೆ ಅಪ್ಪನ ಅವ್ವ. ಎಂಬತ್ತನಾಲ್ಕು ವರ್ಷ.

ಹೋದ ವರ್ಷ ಆಷಾಢದ ಒಂದು ರಾತ್ರಿ ಆ ಹದಿನೆಂಟು ಹೆಜ್ಜೆಯಲ್ಲಿ ಹನ್ನೊಂದನೆಯದಕ್ಕೆ ಆಯಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಪುಣ್ಯ. ಆದರೆ ಅವತ್ತಿನಿಂದ ರಾತ್ರಿ ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿದರೆ ಏಳಬೇಕಲ್ಲ! ಒಂದು ತಿಂಗಳಲ್ಲಿ ಉರಿಮೂತ್ರ, ಜ್ವರ, ದವಾಖಾನೆ. ಡಾಕ್ಟರ್ ಬರೆದ ಗುಳಿಗೆಗಿಂತ ಅವರು ಹೇಳಿದ ಮಾತೇ ಮುಖ್ಯವಾಗಿತ್ತು: ‘ಅಮ್ಮನ ಮಂಚದ ಹತ್ರನೇ ಬಾತ್‌ರೂಮ್ ಮಾಡ್ರಿ.’

ಅಪ್ಪನ ತಲೆಯಲ್ಲಿ ಯೋಜನೆ ಸಿದ್ಧವಾಗಿಯೇ ಇತ್ತು. ಮೇಲೆ ಒಂದು ದೊಡ್ಡ ಕೋಣೆ ಹಾಕುವುದು. ಅದು ನನಗೆ, ಮುಂದೆ ಬರುವ ಸೊಸೆಗೆ. ನನ್ನ ಈಗಿನ ಕೋಣೆ ಆಯಿಗೆ. ಅದರ ಹಿಂಗೋಡೆ ಒಡೆದು ಬಚ್ಚಲಿಗೆ ಬಾಗಿಲು. “ಒಂದೇ ಖರ್ಚಿನಾಗ ಎರಡೂ ಕೆಲಸ ಆಗ್ತಾವ, ಅಂಗಳನೂ ಉಳೀತದ” ಅಂದರು. ನಮ್ಮ ಓಣಿಯಲ್ಲಿ ಐದಾರು ಮನೆಯವರು ಮಾಡಿದ್ದೂ ಹಾಗೆಯೇ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ತಿಂಗಳಲ್ಲಿ ಹತ್ತು ದಿನ ಮನೆಯಿಂದಲೇ ಕೆಲಸ. ಇಂಜಿನಿಯರ್ ಎಂಬ ಹೆಸರಿದ್ದರೆ ಸಂಬಂಧಿಕರಿಗೆ ಸಾಕು, ಮಿಕ್ಸರ್ ಕೆಟ್ಟರೂ ಅವನನ್ನೇ ಕರೆಯುತ್ತಾರೆ. ಆದರೆ ಮನೆ ಕಟ್ಟುವ ಮಾತು ಬಂದಾಗ ಮಾತ್ರ, “ನಿಂದು ಕಂಪ್ಯೂಟರ್ ಇಂಜಿನಿಯರಿಂಗಪ್ಪಾ, ಇದು ಮನಿ.” ಇರಲಿ. ಲೆಕ್ಕ ಮಾಡುವುದಕ್ಕೆ ಯಾವ ಇಂಜಿನಿಯರಿಂಗೂ ಬೇಕಿಲ್ಲ. ಹತ್ತಡಿ ಎತ್ತರದ ಒಂಬತ್ತಿಂಚಿನ ಇಟ್ಟಂಗಿ ಗೋಡೆ ಉದ್ದಕ್ಕೆ ಅಡಿಯೊಂದಕ್ಕೆ ಸುಮಾರು 400 ಕಿಲೋ ತೂಗುತ್ತದೆ. ಅಪ್ಪ ಹೇಳುವ 12x14 ಅಡಿಯ ಕೋಣೆಗೆ ಸುತ್ತಳತೆ 52 ಅಡಿ. ಬಾಗಿಲು, ಕಿಟಕಿ ಕಳೆದರೂ ಗೋಡೆಯದೇ 18 ಟನ್. ಐದಿಂಚಿನ ಸ್ಲ್ಯಾಬು 5 ಟನ್. ನೆಲದ ಟೈಲ್ಸು, ಮೇಲಿನ ಕಟ್ಟೆ, ಸಾವಿರ ಲೀಟರಿನ ನೀರಿನ ಟಾಕಿ ಸೇರಿದರೆ 25 ಟನ್ ದಾಟುತ್ತದೆ. ಇದಷ್ಟೂ ಹೋಗಿ ಕೂರುವುದು ಅಜ್ಜನ ಗೋಡೆಯ ತಲೆಯ ಮೇಲೆ.

“ನಿಮ್ಮ ಛತ್ತಿನ ಮ್ಯಾಲ ಐದು ಆನಿ ನಿಲ್ಲಿಸಿದಂಗ ಅಪ್ಪಾ” ಅಂದೆ.

“ನಮ್ಮಪ್ಪ ಸಿಮೆಂಟಿನಾಗ ಕಟ್ಟಿಸ್ಯಾನ, ಐದಲ್ಲ ಹತ್ತು ಆನಿ ನಿಲ್ತಾವ” ಅಂದರು.

ಅಪ್ಪನ ಈ ಮಾತಿನ ಹಿಂದೆ ಒಂದು ಇತಿಹಾಸ ಇದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ಕೆಲವೇ ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಜನ ಸತ್ತರು. ಅಲ್ಲಿ ಜನರನ್ನು ಕೊಂದದ್ದು ನಡುಕಕ್ಕಿಂತ ಹೆಚ್ಚಾಗಿ ಮನೆಗಳು. ಎರಡಡಿಗೂ ಮೀರಿ ದಪ್ಪನಾದ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಕಟ್ಟಿಗೆ ಜಂತಿಯ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಗೋಡೆಯ ಒಳಮುಖ, ಹೊರಮುಖ ಎರಡನ್ನೂ ಹಿಡಿದುಕೊಳ್ಳುವ ಉದ್ದ ಕಲ್ಲು ಇಲ್ಲದೆ ಗೋಡೆ ಇಬ್ಭಾಗವಾಗಿ ಉಬ್ಬಿ, ಮಾಳಿಗೆ ಮಲಗಿದವರ ಮೇಲೆ ಬಂತು. ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ, ಅವ್ವ, ಆಯಿ ಎಲ್ಲ ಆ ಹೊತ್ತಿಗೆ ಎದ್ದು ಅಂಗಳದಲ್ಲಿ ನಿಂತಿದ್ದರಂತೆ. ಬೆಳಕಾದ ಮೇಲೆ ಒಳಗೆ ಹೋಗಿ ನೋಡಿದರೆ ಅಡಿಗೆಮನೆ ಬಾಗಿಲ ಮೂಲೆಯಿಂದ ಛತ್ತಿನವರೆಗೆ ಓರೆಯಾಗಿ ಒಂದೇ ಒಂದು ಬಿರುಕು. ಬೇರೆ ಏನೂ ಆಗಿರಲಿಲ್ಲ. ಅವತ್ತಿನಿಂದ ಅಪ್ಪನಿಗೆ ಈ ಮನೆ ಎಂದರೆ ಕಿಲ್ಲಾರಿಯನ್ನು ತಡೆದುಕೊಂಡ ಮನೆ. ಬಿರುಕಿಗೆ ಎಷ್ಟು ಸಲ ಸಿಮೆಂಟು ಮೆತ್ತಿ ಸುಣ್ಣ ಬಳಿದರೂ ಅದು ಮತ್ತೆ ತೆಳ್ಳಗೆ ಕಾಣುತ್ತದೆ. ಅಪ್ಪ ಅದನ್ನು ಮನೆಗೆ ಬಂದವರಿಗೆ ಪದಕ ತೋರಿಸುವ ಹಾಗೆ ತೋರಿಸುತ್ತಾರೆ.

ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಮ್ಮ ಬ್ಯಾಚಿನಲ್ಲೇ ಸಿವಿಲ್ ಓದಿದ ಗೆಳೆಯನನ್ನು ಕರೆಸಿದೆ. ಅವನು ಬಂದವನೇ ಟೇಪು ತೆಗೆಯಲಿಲ್ಲ, ಚಹಾ ಕುಡಿದು ಬಿರುಕಿನ ಮುಂದೆ ಹತ್ತು ನಿಮಿಷ ನಿಂತ. ಆಮೇಲೆ ಅವನು ಮಾಡಿದ್ದು ಎರಡೇ ಕೆಲಸ. ಹಳೇ ಮನೆಗೆ ಕೈ ಹಾಕುವ ಯಾರಿಗಾದರೂ ಉಪಯೋಗಕ್ಕೆ ಬರುವಂಥವು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಗಾಜು. ಫೋಟೋಗೆ ಹಾಕುವಂಥ ತೆಳು ಗಾಜಿನ ಒಂದು ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ಅಂಟಿಸಿದ. ಪಕ್ಕದಲ್ಲಿ ಮಾರ್ಕರಿನಿಂದ ತಾರೀಖು ಬರೆದ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ, ಇಲ್ಲವೆಂದರೆ ಹಾಗೇ ಇರುತ್ತದೆ. ಬಿರುಕು ಜೀವಂತ ಇದೆಯೋ ಸತ್ತಿದೆಯೋ ತಿಳಿಯಲು ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಆದರೆ ಇದಕ್ಕೆ ತಾಳ್ಮೆ ಬೇಕು. ಒಂದು ಮಳೆಗಾಲವಾದರೂ ದಾಟಬೇಕು, ಏಕೆಂದರೆ ನೆಲ ನೀರು ಕುಡಿದಾಗ ಒಂದು ಥರ, ಒಣಗಿದಾಗ ಇನ್ನೊಂದು ಥರ. ಎರೆಮಣ್ಣಿನ ನೆಲವಾದರೆ ಈ ವ್ಯತ್ಯಾಸ ಭಯಂಕರ. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಬೀದರ್ ಊರು ಕೂತಿರುವುದು ಕೆಂಪು ಮುರಕಲ್ಲಿನ ಎತ್ತರದ ಮೇಲೆ. ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನೇ ಈ ಕಲ್ಲಿನಲ್ಲಿ ಕೊರೆದಿದ್ದಾರೆ. ನಮ್ಮ ಅಂಗಳದಲ್ಲೂ ಮೂರಡಿ ಕೆಳಗೆ ಗಟ್ಟಿ ಕೆಂಪು ಮುರುಂ ಸಿಕ್ಕಿತು. ಅಜ್ಜನ ಅದೃಷ್ಟ, ನಮ್ಮದೂ.

ಎರಡನೆಯದು ಗೋಡೆ ಬಗೆದು ನೋಡುವುದು. ಗೋಡೆಯ ಒಳಗೆ ಏನಿದೆ ಎಂದು ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಬೀದರಿನಲ್ಲಿ ಒಂದು ಗೋಡೆಯ ಹೊಟ್ಟೆಯೊಳಗೆ ಏನಿರುತ್ತದೆ ಎಂದು ಪುಕ್ಕಟೆ ನೋಡಬೇಕಾದರೆ ಅಷ್ಟೂರಿಗೆ ಹೋಗಬೇಕು. ಅಲ್ಲಿ ಹುಮಾಯೂನ್ ಷಾ ಬಹಮನಿಯ ಗೋರಿ ಸಿಡಿಲಿಗೆ ಸೀಳಿ ಅರ್ಧ ಬಿದ್ದಿದೆ ಎನ್ನುತ್ತಾರೆ. ಉಳಿದ ಅರ್ಧದಲ್ಲಿ ಗೋಡೆಯ ದಪ್ಪ, ಗುಮ್ಮಟದ ತಿರುವು ಎಲ್ಲ ಕೊಯ್ದ ಹಣ್ಣಿನಂತೆ ಕಾಣುತ್ತವೆ. ನಮ್ಮ ಮನೆಗೆ ಸಿಡಿಲು ಬಡಿದಿರಲಿಲ್ಲವಾದ್ದರಿಂದ ಗೆಳೆಯ ಉಳಿ, ಸುತ್ತಿಗೆ ತಗೊಂಡ. ಕೋಣೆಯ ಒಳಗಡೆ, ಮಂಚದ ಹಿಂದೆ ಕಾಣದ ಕಡೆ, ಒಂದಡಿ ಅಗಲ ಗಿಲಾವು ಕೆತ್ತಿದ. ಇಟ್ಟಂಗಿ ಕಾಣಿಸಿತು. ಎರಡು ಇಟ್ಟಂಗಿಯ ನಡುವೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ಅದು ಮೂರು ಇಂಚು ಒಳಗೆ ಹೋಯಿತು. ತಿರುವಿ ತೆಗೆದಾಗ ತುದಿಯಿಂದ ಕೆಂಪು ಪುಡಿ ನೆಲಕ್ಕೆ ಉದುರಿತು.

ಸಿಮೆಂಟಲ್ಲ. ಮಣ್ಣು.

ಗೆಳೆಯ ಏನೂ ಹೇಳಲಿಲ್ಲ. ಇನ್ನೆರಡು ಕಡೆ ಕೆತ್ತಿ ನೋಡಿದ. ಒಳಗೆಲ್ಲ ಮಣ್ಣೇ. ಹೊರಗಡೆ ಮಾತ್ರ ಇಟ್ಟಂಗಿ ಸಂದಿಯಲ್ಲಿ ಒಂದಿಂಚು ಆಳದವರೆಗೆ ಸಿಮೆಂಟಿನ ದರಜ. ಅಪ್ಪ ನೆಲದ ಮೇಲೆ ಬಿದ್ದ ಆ ಪುಡಿಯನ್ನೇ ನೋಡುತ್ತಿದ್ದರು. ಅರವತ್ತೆರಡು ವರ್ಷದ ಮನುಷ್ಯ, ನಿವೃತ್ತ ಮಾಸ್ತರು. ಇಷ್ಟು ವರ್ಷ ಊರಿಗೆಲ್ಲ ‘ಸಿಮೆಂಟಿನ ಮನಿ’ ಎಂದು ಹೇಳಿಕೊಂಡು ಬಂದವರು. ನನಗೆ ಗೆದ್ದೆ ಅನ್ನಿಸಬೇಕಿತ್ತು, ಆದರೆ ಅವರ ಮುಖ ನೋಡಿ ಹಾಗೆ ಅನ್ನಿಸಲಿಲ್ಲ. “ನಮ್ಮಪ್ಪಗ ಗೌಂಡಿ ಮೋಸ ಮಾಡ್ಯಾನ” ಅಂದರು ಮೆಲ್ಲಗೆ.

“ಯಾವ ಗೌಂಡೀನೂ ಮೋಸ ಮಾಡಿಲ್ಲ” ಎಂದು ಮಂಚದ ಮೇಲಿಂದ ಆಯಿ ಅಂದಳು. “ಆ ಕೆಸರ ನಾನೇ ತುಳದೀನಿ. ನೀ ಸಾಲಿಗಿ ಹೋಗತಿದ್ದಿ. ನಿನಗೇನ್ ಗೊತ್ತು.”

ಅಂದು ಮಧ್ಯಾಹ್ನ ಆಯಿ ಹೇಳಿದ್ದನ್ನು ಕೇಳಿಸಿಕೊಳ್ಳದೆ ಇದ್ದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಆಗ ಸಿಮೆಂಟು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ಸಾಮಾನಲ್ಲ. ಸರ್ಕಾರದ ನಿಯಂತ್ರಣ, ಪರ್ಮಿಟ್ಟು, ಸರದಿ. ನನ್ನ ವಯಸ್ಸಿನವರಿಗೆ ನಂಬುವುದು ಕಷ್ಟ. ಸಿಮೆಂಟು ಹಂಚಿಕೆಗೆ ಸಂಬಂಧಿಸಿದ ವಿವಾದದಲ್ಲೇ 1982ರಲ್ಲಿ ಪಕ್ಕದ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಕುರ್ಚಿ ಬಿಡಬೇಕಾಯಿತು. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲಾಯಿತು, ಪೂರ್ತಿ ಹೋದದ್ದು 1989ರಲ್ಲಿ. 1979ರಲ್ಲಿ ಅಜ್ಜ ಎಷ್ಟು ಸಲ ಅಲೆದರೂ ಸಿಕ್ಕದ್ದು ಇಪ್ಪತ್ತು ಚೀಲವಂತೆ. ಇಡೀ ಮನೆಗೆ ಅದು ಯಾತಕ್ಕೂ ಸಾಲದು. ಅಜ್ಜ, ಗೌಂಡಿ ಇಬ್ಬರೂ ಕೂತು ಆ ಇಪ್ಪತ್ತು ಚೀಲಕ್ಕೆ ಲೆಕ್ಕ ಹಾಕಿದರು. ಬುನಾದಿಯ ಮೇಲಿನ ಒಂದು ಪಟ್ಟಿಗೆ ಇಷ್ಟು, ಬಾಗಿಲು, ಕಿಟಕಿ ತಲೆಯ ಮೇಲಿನ ಹಾಸಿಗೆ ಇಷ್ಟು, ಗರ್ಡರ್ ಕೂರುವ ಜಾಗಕ್ಕೆ ಇಷ್ಟು, ಮಳೆ ಹೊಡೆಯುವ ಹೊರಮೈಯ ಸಂದಿಗೆ ಇಷ್ಟು. ಉಳಿದದ್ದಕ್ಕೆಲ್ಲ ಮಣ್ಣು. ಮೂರು ದಿನ ನೆನೆಹಾಕಿ, ತುಳಿದು, ಜೇಡಿ ಹದಕ್ಕೆ ಬಂದ ಮೇಲೆ ಕಟ್ಟಿದ್ದು. “ಊರಾಗ ಕೇಳಿದವರಿಗಿ ಸಿಮೆಂಟು ಅಂತ ಹೇಳ್ತಿದ್ದ ನಿಮ್ಮಜ್ಜ. ಸುಳ್ಳೇನಲ್ಲ ಬಿಡು, ಇಪ್ಪತ್ತು ಚೀಲ ಇತ್ತಲ್ಲ.”

ಗೆಳೆಯ ಬಿಟ್ಟ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವನು ಆಮೇಲೆ ಹೇಳಿದ್ದು ಇಷ್ಟು: ಬುನಾದಿ ಮಟ್ಟದಲ್ಲಿ, ಬಾಗಿಲ ತಲೆಯ ಮಟ್ಟದಲ್ಲಿ, ಛತ್ತು ಕೂರುವಲ್ಲಿ ಗೋಡೆಗೆ ಬಲ ಕೊಡಬೇಕು ಎಂಬುದನ್ನೇ ಇವತ್ತಿನ ಐಎಸ್ ಕೋಡುಗಳೂ ಹೇಳುತ್ತವೆ. ಮಣ್ಣಿನಲ್ಲಿ ಕಟ್ಟಿದಂಥ ಕಡಿಮೆ ಬಲದ ಗೋಡೆಗಳಿಗಾಗಿಯೇ ಐಎಸ್ 13828 ಎಂಬ ಕೋಡ್ ಇದೆ, ಬಂದದ್ದು 1993ರಲ್ಲಿ. ಕಬ್ಬಿಣದ ಸರಳು ಹಾಕಿ ಸುತ್ತ ಪೂರ್ತಿ ಪಟ್ಟಿ ಕಟ್ಟಬೇಕೆನ್ನುತ್ತದೆ. ಅಜ್ಜ ಹಾಕಿದ್ದು ಅಷ್ಟಿಲ್ಲ, ಆದರೆ ಜಾಗ ಸರಿಯಾಗಿ ಆರಿಸಿದ್ದರು.

ಅಪ್ಪ ಎದ್ದು ಹೊರಗೆ ಹೋಗಿ ಹೊರಗೋಡೆಯ ದರಜಗಳ ಮೇಲೆ ಕೈಯಾಡಿಸುತ್ತ ನಿಂತರು. ಮೇಲೆ ಏರಿಸುವ ಮಾತು ಅಲ್ಲಿಗೆ ಮುಗಿಯಿತು. ಯಾರೂ ‘ಮುಗಿಯಿತು’ ಎಂದು ಹೇಳಲಿಲ್ಲ, ಮತ್ತೆ ಆ ಮಾತು ಎತ್ತಲಿಲ್ಲ ಅಷ್ಟೇ.

ಇನ್ನು ಬಾಜೂಕ ಕಟ್ಟುವುದು. ಸುಲಭ ಅನ್ನಿಸುತ್ತದೆ, ಅಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಮಾಡುವ ರೀತಿ ಎಂದರೆ ಹಳೇ ಗೋಡೆಯ ಇಟ್ಟಂಗಿ ಅಲ್ಲಲ್ಲಿ ಕಿತ್ತು, ಹಲ್ಲು ಬಿಡಿಸಿದಂತೆ ಮಾಡಿ, ಹೊಸ ಗೋಡೆಯ ಇಟ್ಟಂಗಿಯನ್ನು ಅದಕ್ಕೆ ಕಚ್ಚಿಸುವುದು. ಹೊಸ ಸ್ಲ್ಯಾಬಿನ ಒಂದು ಬದಿ ಹಳೇ ಗೋಡೆಯ ಮೇಲೆ ಕೂರಿಸುವುದು. ಒಂದು ಗೋಡೆ ಉಳಿಯಿತಲ್ಲ ಎಂದು ಎಲ್ಲರಿಗೂ ಖುಷಿ. ನಮ್ಮ ಓಣಿಯಲ್ಲೇ ಒಬ್ಬರು ಹೀಗೆ ಕಟ್ಟಿಸಿದ ಎರಡನೇ ವರ್ಷಕ್ಕೆ ಜೋಡಿನಲ್ಲಿ ಮೇಲಿಂದ ಕೆಳಗೆ ಬೆರಳು ಹೋಗುವಷ್ಟು ಸೀಳು ಬಂತು. ಕಾರಣ ಸರಳ. ಹಳೇ ಮನೆ ನಲವತ್ತು ವರ್ಷದಲ್ಲಿ ಎಷ್ಟು ಕುಸಿಯಬೇಕೋ ಅಷ್ಟು ಕುಸಿದು ಕೂತಿದೆ. ಹೊಸದು ಈಗಷ್ಟೇ ನೆಲದ ಮೇಲೆ ಭಾರ ಬಿಡುತ್ತಿದೆ, ಅದು ನೂಲಿನಷ್ಟಾದರೂ ಇಳಿಯುತ್ತದೆ. ಎರಡನ್ನೂ ಕಚ್ಚಿಸಿದರೆ ಇಳಿಯುವುದು ನಿಂತದ್ದನ್ನು ಎಳೆಯುತ್ತದೆ. ಭೂಮಿ ನಡುಗಿದಾಗಲಂತೂ ಒಂದೊಂದು ಒಂದೊಂದು ರೀತಿ ಓಲಾಡಿ ಒಂದಕ್ಕೊಂದು ಗುದ್ದುತ್ತವೆ. ಅದಕ್ಕೇ ಐಎಸ್ 4326 ಎಂಬ ಕೋಡು ಪಕ್ಕಪಕ್ಕದ ಎರಡು ಭಾಗಗಳ ನಡುವೆ ಕನಿಷ್ಠ 25 ಮಿಲಿಮೀಟರ್, ಅಂದರೆ ಒಂದಿಂಚು ಸಂದು ಬಿಡಿ ಎನ್ನುತ್ತದೆ.

ನಮ್ಮ ಗೌಂಡಿ ಚಾಚಾಗೆ ಇದು ಬಿಲ್ಕುಲ್ ಒಪ್ಪಿಗೆಯಾಗಲಿಲ್ಲ. ನಲವತ್ತು ವರ್ಷ ಕರಣಿ ಹಿಡಿದ ಕೈ. “ಹಳೇ ಗ್ವಾಡಿ ಇರೂಮಟ ಇನ್ನೊಂದು ಗ್ವಾಡಿ ಯಾಕ್ ಬೇಕು ಸಾಹೇಬ್ರ? ಸಾವಿರದ ನಾಕನೂರು ಇಟ್ಟಂಗಿ ದಂಡ!” ಲೆಕ್ಕ ಬರೋಬರಿ ಇತ್ತು, ಹದಿನಾಲ್ಕಡಿ ಗೋಡೆಗೆ ಅಷ್ಟೇ ಬೇಕು. ಗೆಳೆಯ ವಾದ ಮಾಡಲಿಲ್ಲ. ಚಾಚಾನನ್ನು ಕರೆದುಕೊಂಡು ಹೋಗಿ ಅದೇ ಸ್ಕ್ರೂಡ್ರೈವರ್ ಅವರ ಕೈಗೆ ಕೊಟ್ಟು, ಹಳೇ ಗೋಡೆಗೆ ಚುಚ್ಚಿ ನೋಡಿ ಅಂದ. ಚಾಚಾ ಚುಚ್ಚಿದರು, ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. “ಇದಕ್ಕ ಹಲ್ಲು ಬಿಟ್ರ ಇದರ ಹಲ್ಲೇ ಉದುರ್ತಾವ” ಅಂದರು. ಅಲ್ಲಿಂದ ಮುಂದೆ ನಮಗಿಂತ ಅವರೇ ಕಟ್ಟುನಿಟ್ಟು. ಹಳೇ ಗೋಡೆಯ ಹತ್ತಿರ ಯಾರಾದರೂ ಹಾರಿ ಹಾಕಿದರೆ ಸಾಕು, ಉರ್ದುವಿನಲ್ಲಿ ಬೈಗುಳ.

ಆದರೆ ಒಂದಿಂಚು ಬಿಟ್ಟು ಪಕ್ಕಕ್ಕೇ ಹೊಸ ಗೋಡೆ ಎತ್ತಲೂ ಬರುವುದಿಲ್ಲ ಎಂದು ಗುಂಡಿ ತೋಡಿ ನೋಡಿದಾಗ ಗೊತ್ತಾಯಿತು. ಹಳೇ ಬುನಾದಿಯ ಕಲ್ಲು ಗೋಡೆಗಿಂತ ಒಂದಡಿ ಹೊರಗೆ ಚಾಚಿತ್ತು. ಅದರ ಮೇಲೆ ಹೊಸ ಭಾರ ಹೇರುವಂತಿಲ್ಲ, ಅದನ್ನು ಒಡೆಯುವಂತೂ ಇಲ್ಲ. ಅದರ ಪಕ್ಕದಲ್ಲಿ ಅದಕ್ಕಿಂತ ಆಳ ತೋಡಿದರೆ ಹಳೇ ಬುನಾದಿಯ ಕೆಳಗಿನ ಮಣ್ಣೇ ಜಾರಿ ಬರುತ್ತದೆ. ಹೀಗಾಗಿ ಹೊಸ ಕೋಣೆ ಮೂರಡಿ ದೂರ ಸರಿಯಿತು. ಅದಕ್ಕೆ ಅದರದೇ ನಾಲ್ಕು ಗೋಡೆ, ಅದರದೇ ಬುನಾದಿ, ಹಳೆಯದು ಎಷ್ಟು ಆಳವೋ ಅಷ್ಟೇ ಆಳ. ಹಳೇ ಮನೆ ಕಡೆಯ ಪಾಯವನ್ನು ಒಮ್ಮೆಗೇ ಉದ್ದಕ್ಕೆ ತೋಡದೆ ನಾಲ್ಕು ನಾಲ್ಕಡಿಯ ತುಂಡು ಮಾಡಿ, ಒಂದು ತುಂಬಿದ ಮೇಲೆ ಇನ್ನೊಂದು ತೋಡಿದ್ದಾಯಿತು. ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿದ್ದೂ ಅದಕ್ಕೇ. ತೆರೆದ ಪಾಯದಲ್ಲಿ ಮಳೆ ನೀರು ನಿಂತರೆ ಕಥೆ ಮುಗಿದಂತೆ.

ನಡುವಿನ ಮೂರಡಿ ದಂಡವಾಯಿತು ಎಂದು ಅಪ್ಪ ನಾಲ್ಕು ದಿನ ಮುಖ ಗಂಟು ಹಾಕಿಕೊಂಡಿದ್ದರು. ಹೊಸ ಸ್ಲ್ಯಾಬನ್ನೇ ಆ ಮೂರಡಿಗೆ ಚಾಚಿ, ಹಳೇ ಗೋಡೆಗೆ ಒಂದಿಂಚು ಇರುವಾಗ ನಿಲ್ಲಿಸಿದೆವು. ಆ ಸಂದಿನ ಮೇಲೆ ತಗಡಿನ ಮುಚ್ಚಿಗೆ. ತಗಡನ್ನು ಹಳೇ ಗೋಡೆಗೆ ಮಾತ್ರ ಬಿಗಿದು, ಹೊಸ ಸ್ಲ್ಯಾಬಿನ ಅಂಚಿನ ಕಟ್ಟೆಯ ಮೇಲೆ ಸುಮ್ಮನೆ ಮಲಗಿಸಿದ್ದೇವೆ. ಹೊಸದು ನೂಲಿನಷ್ಟು ಇಳಿದರೂ ತಗಡು ಜಾರುತ್ತದೆ, ಹರಿಯುವುದಿಲ್ಲ. ಮಣ್ಣಿನ ಗೋಡೆಗೆ ನೀರಿನಷ್ಟು ದೊಡ್ಡ ವೈರಿ ಇಲ್ಲವಾದ್ದರಿಂದ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಈ ಗೇಣುದ್ದ ಅಗಲದ ತಗಡಿಗೇ. ಬಚ್ಚಲನ್ನೂ ಅದೇ ಕಾರಣಕ್ಕೆ ಹಳೇ ಗೋಡೆಯಿಂದ ಆದಷ್ಟು ದೂರ, ಕೋಣೆಯ ಆಚೆ ಬದಿಗೆ ಹಾಕಿದೆವು. ಅಪ್ಪನ ಮೊದಲಿನ ಯೋಜನೆಯಂತೆ ಹಿಂಗೋಡೆಗೆ ಬಚ್ಚಲು ಅಂಟಿಸಿದ್ದರೆ ಹತ್ತು ವರ್ಷದಲ್ಲಿ ಒಳಗಿನ ಮಣ್ಣು ಏನಾಗುತ್ತಿತ್ತೋ, ನೆನೆಸಿಕೊಂಡರೇ ಮೈ ಜುಮ್ ಅನ್ನುತ್ತದೆ.

ಹಳೇ ಮನೆಯಿಂದ ಹೊಸ ಕೋಣೆಗೆ ದಾರಿ ಬೇಕಲ್ಲ. ಗೋಡೆ ಒಡೆದು ಹೊಸ ಬಾಗಿಲು ಮಾಡುವುದೆಂದರೆ ಮೇಲಿನ ಗೋಡೆಗೆ ಆಧಾರ ಕೊಟ್ಟು, ಕೊರೆದು, ಹೊಸ ಹಾಸು ಕೂರಿಸಬೇಕು. ಅದರ ಬದಲು ಇದ್ದ ಒಂದು ಕಿಟಕಿಯನ್ನೇ ಬಾಗಿಲು ಮಾಡಿದೆವು. ಕಿಟಕಿಯ ತಲೆಯ ಮೇಲೆ ಅಜ್ಜನ ಸಿಮೆಂಟಿನ ಹಾಸು ಇದ್ದೇ ಇತ್ತು. ಅದರ ಅಗಲ ಮೂರಡಿ, ಆಯಿಯ ವಾಕರ್ ಸಲೀಸಾಗಿ ಹೋಗುತ್ತದೆ. ಕೆಳಗಿನ ಗೋಡೆಯಷ್ಟನ್ನೇ ಒಂದೊಂದೇ ಇಟ್ಟಂಗಿಯಂತೆ ಕೈಯಲ್ಲಿ ಬಿಡಿಸಿ ತೆಗೆದರೆ ಸಾಕು. ಬದಿಗಳನ್ನು ಅಗಲ ಮಾಡಲು ಮಾತ್ರ ಹೋಗಬಾರದು. ನಿಮ್ಮ ಹಳೇ ಮನೆಗೂ ಹೊಸ ಬಾಗಿಲು ಬೇಕಾಗಿದ್ದರೆ ಮೊದಲು ಕಿಟಕಿಗಳನ್ನು ಅಳೆದು ನೋಡಿ.

ಬಾಗಿಲಿಗೆ ಹೊಸ್ತಿಲು ಬೇಡ ಅಂದೆ, ವಾಕರಿಗೆ ತಡೆಯಾಗುತ್ತದೆ. ಅವ್ವನಿಗೆ ಸಂಕಟ. ಹೊಸ್ತಿಲಿಲ್ಲದ ಬಾಗಿಲು ಎಂದರೆ ಹಣೆಗೆ ಕುಂಕುಮ ಇಲ್ಲದ ಹಾಗಂತೆ. ಒಂದು ವಾರ ಈ ಮಾತು ನಡೆಯಿತು. ಆಯಿ ಕೊನೆಗೆ ಅಂದದ್ದು: “ಬೀಳೋದು ನಾನು. ಹೊಸ್ತಿಲು ಪೂಜಿ ಮಾಡ್ಲಾಕ ಮುಂದಿನ ಬಾಗಿಲು ಅದ.” ಚಾಚಾ ಮಧ್ಯದ ದಾರಿ ಹುಡುಕಿದರು. ಸಾಗುವಾನಿಯ ಒಂದು ಪಟ್ಟಿಯನ್ನು ನೆಲದ ಮಟ್ಟಕ್ಕೇ ಹುಗಿದು ಕೂರಿಸಿದರು. ಅವ್ವ ಶುಕ್ರವಾರ ಅದಕ್ಕೂ ಅರಿಶಿನ ಹಚ್ಚುತ್ತಾಳೆ, ವಾಕರ್ ಅದರ ಮೇಲೆ ಉರುಳಿ ಹೋಗುತ್ತದೆ.

ಉಳಿದ ಕೆಲಸ ಎಲ್ಲ ಮನೆಗಳಲ್ಲಿ ನಡೆಯುವಂಥದ್ದೇ. ಇಟ್ಟಂಗಿ ನೆನೆಹಾಕಿದೆವು, ಬುನಾದಿಯ ಮೇಲೆ ಮತ್ತು ಬಾಗಿಲ ತಲೆಯ ಮಟ್ಟಕ್ಕೆ ಸರಳು ಹಾಕಿ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಿದೆವು, ಸ್ಲ್ಯಾಬಿಗೆ ಗೋಣಿತಟ್ಟು ಹಾಸಿ ಹತ್ತು ದಿನಕ್ಕೆ ಕಡಿಮೆ ಇಲ್ಲದಂತೆ ನೀರು ಹೊಡೆದೆವು. ನೀರು ಹೊಡೆಯುವ ಜವಾಬ್ದಾರಿ ನನ್ನದು. ಬೆಳಗಿನ ಆಫೀಸ್ ಮೀಟಿಂಗಿನಲ್ಲಿ ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಪೈಪು. ‘ಅಲ್ಲೇನು ಮಳೆ ಬರುತ್ತಿದೆಯಾ’ ಎಂದು ಮ್ಯಾನೇಜರ್ ಎರಡು ಸಲ ಕೇಳಿದರು.

ಇಷ್ಟಾಗುವವರೆಗೆ ಆಯಿ ಹತ್ತು ತಿಂಗಳು ಮಂಚದ ಪಕ್ಕದ ಕಮೋಡ್ ಕುರ್ಚಿಯಲ್ಲಿ, ಒಂದು ಪರದೆಯ ಹಿಂದೆ ದಿನ ದೂಡಿದಳು. ಗಾಜು ಒಡೆಯುತ್ತದೋ ಎಂದು ನಾವು ಮಳೆಗಾಲ ಕಾಯುತ್ತಿದ್ದಾಗ ಅವಳು ಕಾಯುತ್ತಿದ್ದದ್ದು ಬೇರೆಯದಕ್ಕೆ. ಆ ಪರದೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೋಣೆ ಮುಗಿದ ದಿನ ಆ ಪರದೆಯನ್ನು ತಾನೇ ಎಳೆದು ಕಿತ್ತು, ಒಲೆಗೆ ಹಾಕಿ ಅಂದಳು. ಆ ರಾತ್ರಿ ಚೊಂಬು ತುಂಬ ನೀರು ಇಟ್ಟುಕೊಂಡು ಮಲಗಿದ್ದನ್ನು ಅವ್ವ ನನಗೆ ತೋರಿಸಿದಳು.

ಈಗ ಅವಳು ಹಗಲೆಲ್ಲ ಕೂರುವುದು ಹೊಸ ಕೋಣೆಯಲ್ಲಲ್ಲ, ಅಪ್ಪ ದಂಡ ಎಂದಿದ್ದ ಆ ಮೂರಡಿ ಓಣಿಯಲ್ಲಿ. ಒಂದು ತುದಿಗೆ ಜಾಳಿ, ಬೆಳಗಿನ ಬಿಸಿಲು ಬೀಳುತ್ತದೆ. ಬೆನ್ನಿಗೆ ತಾನು ತುಳಿದ ಮಣ್ಣಿನ ಗೋಡೆ. ಕಿಟಕಿಯ ಕೆಳಗಿಂದ ಬಿಡಿಸಿ ತೆಗೆದ ಹಳೇ ಇಟ್ಟಂಗಿಯಲ್ಲಿ ಚಾಚಾ ಅವಳಿಗೊಂದು ಕಟ್ಟೆ ಕಟ್ಟಿ ಕೊಟ್ಟಿದ್ದಾರೆ. ಹಳೇ ಇಟ್ಟಂಗಿ, ಹೊಸ ಇಟ್ಟಂಗಿ ಒಂದೇ ಅಳತೆಯಲ್ಲ. ಹತ್ತು ವರಸೆಗೆ ಎರಡಿಂಚು ಫರಕು ಬರುತ್ತದೆ. ಹೊಸ ಗೋಡೆಯಲ್ಲಿ ಅವಕ್ಕೆ ಜಾಗ ಸಿಗುತ್ತಿರಲಿಲ್ಲ.

ಹಳೇ ಮನೆಯ ಕೆಲಸ ಇನ್ನೂ ಬಾಕಿ ಇದೆ. ಬಾಗಿಲುಗಳ ತಲೆಯ ಮಟ್ಟದಲ್ಲಿ ಗೋಡೆಯ ಒಳಗೂ ಹೊರಗೂ ಸುತ್ತ ಕಬ್ಬಿಣದ ಜಾಳಿಗೆಯ ಪಟ್ಟಿ ಕಟ್ಟಿ, ಗೋಡೆಯನ್ನು ತೂರಿ ಎರಡನ್ನೂ ಬಿಗಿದು, ಮೇಲೆ ಸಿಮೆಂಟಿನ ಗಿಲಾವು ಮಾಡಬೇಕು, ನಡುವಿಗೆ ಪಟ್ಟಿ ಕಟ್ಟಿದ ಹಾಗೆ. ಕಟ್ಟಿ ಮುಗಿದ ಹಳೇ ಮನೆಗಳನ್ನು ಹೀಗೆ ಗಟ್ಟಿ ಮಾಡುವ ಬಗ್ಗೆ ಐಎಸ್ 13935 ಎಂಬ ಪ್ರತ್ಯೇಕ ಕೋಡೇ ಇದೆ. ದುಡ್ಡು ಹೊಂದಿಸಿಕೊಂಡು ಮುಂದಿನ ಬೇಸಿಗೆಗೆ ಮಾಡಿಸುತ್ತೇವೆ. ನನ್ನ ಮದುವೆ ಮಾತು ನಡೆದಿದೆ, ಎಲ್ಲಿ ಇರಬೇಕು ಎಂಬುದನ್ನು ಬರುವವಳನ್ನು ಕೇಳಿಯೇ ತೀರ್ಮಾನಿಸುವುದು ಎಂದಾಗಿದೆ. ಗಾಜಿನ ಪಟ್ಟಿ ಈವರೆಗೆ ಒಡೆದಿಲ್ಲ. ತೆಗೆಯುವುದು ಬೇಡ, ಇನ್ನೊಂದು ಮಳೆಗಾಲ ಇರಲಿ ಎಂದು ಗೆಳೆಯ ಹೇಳಿದ್ದಾನೆ. ಅಪ್ಪ ಬೆಳಿಗ್ಗೆ ಪೇಪರ್ ಬಿಡಿಸುವ ಮೊದಲು ಕನ್ನಡಕ ಹಾಕಿಕೊಂಡು ಅದನ್ನೊಮ್ಮೆ ಹತ್ತಿರದಿಂದ ನೋಡಿ ಬರುತ್ತಾರೆ.